ಕೊನೇ ಮನೆಯ ನೀರು

ಅವಳ ಹಲ್ಲಿನ ಮೇಲೆ ಕಂದು ಗೆರೆಗಳಿದ್ದವು. ಹಳೇ ಬಕೆಟ್ಟಿನೊಳಗೆ ನೀರು ನಿಂತು ನಿಂತು ಗೆರೆ ಬೀಳುತ್ತದಲ್ಲ, ಹಾಗೆ ಅಡ್ಡಡ್ಡಕ್ಕೆ. ನಗು ಬಂದರೆ ಸಾಕು, ಕೈ ತಾನಾಗಿ ಬಾಯಿಗೆ ಹೋಗುತ್ತಿತ್ತು. ತಿರುವೊಟ್ಟಿಯೂರಿನ ನಮ್ಮ ಮನೆಗೆ ಮಹಡಿ ಕೋಣೆ ಬಾಡಿಗೆಗೆ ಕೇಳಿಕೊಂಡು ಬಂದ ದಿನ ನಾನು ಮೊದಲು ನೋಡಿದ್ದು ಆ ಹಲ್ಲುಗಳನ್ನೇ. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ.

"ಹೊಗೆಸೊಪ್ಪು ಹಾಕ್ತೀಯೇನೇ?" ಅಂದೆ.

"ಇಲ್ಲ ಮಾಮಿ. ನಮ್ಮೂರ ಬೋರ್ ನೀರು. ಪಾವಗಡದ ಕಡೆ. ಅಲ್ಲಿ ನನ್ನ ವಯಸ್ಸಿನೋರು ಯಾರು ನಕ್ಕರೂ ಹಿಂಗೇ."

ಕೋಣೆ ಕೊಟ್ಟೆ. ಕರುಣೆಯಿಂದ ಅಲ್ಲ, ಕನ್ನಡಕ್ಕಾಗಿ. ನಮ್ಮವರು ಮದರಾಸಿಗೆ ಬಂದು ಎಷ್ಟು ತಲೆಮಾರಾಯಿತೋ, ನಮ್ಮ ಮನೆಯ ಕನ್ನಡದಲ್ಲಿ ಅರ್ಧ ತಮಿಳು. ಮೊಮ್ಮಗಳನ್ನು ಕನ್ನಡದಲ್ಲಿ ಕೂಗಿದರೆ, ಏನಜ್ಜಿ ಅನ್ನುವ ಬದಲು "ಎನ್ನ ಪಾಟಿ?" ಅಂತ ಉತ್ತರ ಬರುತ್ತದೆ. ಮನೆಯಲ್ಲಿ ಇನ್ನೊಂದು ಕನ್ನಡದ ಬಾಯಿ ಇರಲಿ ಅಂದುಕೊಂಡೆ. ಅವಳ ಹೆಸರು ನಮ್ಮ ಬೀದಿಗೆ ಕೊನೆಯವರೆಗೂ ತಿಳಿಯಲಿಲ್ಲ. ಎಲ್ಲರಿಗೂ ಅವಳು ರಿಪೋರ್ಟಮ್ಮ.

ಅವಳ ಕೆಲಸ ಏನು ಅನ್ನುವುದು ನನಗೆ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು. ಯಾರೋ ದೂರದ ಪುಣ್ಯಾತ್ಮರು ಅನುದಾನ ಕೊಡುತ್ತಾರೆ. ಅದರಲ್ಲಿ ಸಮುದ್ರದ ಪಕ್ಕದ ಊರುಗಳಿಗೆ ಬೋರು, ಟ್ಯಾಂಕು, ಉಪ್ಪು ತೆಗೆಯುವ ಮೆಷಿನ್ನು ಹಾಕಿಸುತ್ತಾರೆ. ರಿಬ್ಬನ್ ಕತ್ತರಿಸಿ, ಹಾರ ಹಾಕಿಸಿಕೊಂಡು ಎಲ್ಲರೂ ಹೊರಟುಹೋಗುತ್ತಾರೆ. ಅದಾಗಿ ಒಂದು ವರ್ಷಕ್ಕೆ ಇವಳು ಹೋಗಿ, ನೀರು ಬರುತ್ತಿದೆಯೋ ಇಲ್ಲವೋ ನೋಡಿ ಬರೆಯಬೇಕು.

"ಮದುವೆ ಮಾಡಿಕೊಟ್ಟ ಹುಡುಗಿ ಹೇಗಿದ್ದಾಳೆ ಅಂತ ನೋಡಕ್ಕೆ ಹೋಗೋ ಸೋದರಮಾವ ಅನ್ನು," ಅಂದೆ.

"ಹಂಗೇ ಮಾಮಿ. ಆದ್ರೆ ಸೋದರಮಾವನಿಗೆ ಊಟ ಹಾಕ್ತಾರೆ. ನಂಗೆ ನೀರು."

ಅದು ತಮಾಷೆಯಲ್ಲ. ಅವಳ ಪದ್ಧತಿಯೇ ಅದು. ಊರಿಗೆ ಹೋದರೆ ಟ್ಯಾಂಕಿನ ಹತ್ತಿರ ನಿಲ್ಲುತ್ತಿರಲಿಲ್ಲ. ಟ್ಯಾಂಕು, ಮೆಷಿನ್ನು, ಬೋರ್ಡು ಎಲ್ಲ ಫೋಟೋಕ್ಕೆ ಇರೋದು ಅನ್ನುತ್ತಿದ್ದಳು. ಪೈಪು ಎಲ್ಲಿ ಮುಗಿಯುತ್ತದೋ ಆ ಕೊನೇ ಮನೆಗೆ ಹೋಗಿ, ಬಾಗಿಲಲ್ಲಿ ನಿಂತು, "ಕುಡಿಯಕ್ಕೆ ಒಂದು ಲೋಟ ನೀರು ಕೊಡಿ" ಅಂತ ಕೇಳುವಳು. ಕೊಟ್ಟದ್ದನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ಆಮೇಲೆ ನುಂಗುವಳು. ನೀರು ಕುಡಿದ ಮೇಲೇ ಪ್ರಶ್ನೆ. "ಬಾಯಿಗೆ ಸುಳ್ಳು ಹೇಳಕ್ಕೆ ಆಗಲ್ಲ ಮಾಮಿ, ಕಿವಿಗೆ ಹೇಳಬಹುದು," ಅನ್ನುತ್ತಿದ್ದಳು. ಎಷ್ಟೋ ಸಲ ಹೊಟ್ಟೆ ಕೆಡಿಸಿಕೊಂಡು ಬಂದು ಮೆಟ್ಟಿಲಲ್ಲೇ ಕೂತುಬಿಡುವಳು. ನಾನು ಮಜ್ಜಿಗೆಗೆ ಉಪ್ಪು ಇಂಗು ಹಾಕಿ ಕೊಟ್ಟು ಬೈಯುತ್ತಿದ್ದೆ.

ವರದಿಯನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತಿದ್ದಳು. ಕಳಿಸುವ ಮುಂಚೆ ಕೆಳಗೆ ಬಂದು, ನಾನು ಅವರೆಕಾಯಿ ಬಿಡಿಸುತ್ತಲೋ ಅಕ್ಕಿ ಆರಿಸುತ್ತಲೋ ಇರುವಾಗ, ಅದನ್ನೇ ಕನ್ನಡದಲ್ಲಿ ಹೇಳುವಳು. ನಾನು ಶಾಲೆಗೆ ಹೋದದ್ದು ಅಷ್ಟಕ್ಕಷ್ಟೆ. ಕನ್ನಡ ಅಕ್ಷರವನ್ನು ಅಮ್ಮ ಮನೆಯಲ್ಲೇ ತಿದ್ದಿಸಿದ್ದು. ಅದಕ್ಕೇ ನಾನು ಬೇಕಂತೆ, ನನಗೆ ಅರ್ಥವಾದರೆ ಯಾರಿಗಾದರೂ ಅರ್ಥವಾಗುತ್ತದಂತೆ.

"ಸಮುದಾಯದ ಸಹಭಾಗಿತ್ವ ತೃಪ್ತಿಕರವಾಗಿದೆ."

"ಹಾಗಂದ್ರೇನು?"

"ಮೀಟಿಂಗಿಗೆ ಜನ ಬಂದು ಕೂತಿದ್ರು ಅಂತ."

"ಕೂತಿದ್ರು ಅಂತಲೇ ಬರಿ. ತೃಪ್ತಿ ಅವರಿಗಾಯ್ತೋ ಜಮಖಾನಕ್ಕಾಯ್ತೋ ನಿನಗೇನು ಗೊತ್ತು?"

ಬಾಯಿಗೆ ಕೈ ಅಡ್ಡ ಹಿಡಿದು ನಗುವಳು. ಮೇಲೆ ಹೋಗಿ ಅಳಿಸುವಳು. ಮತ್ತೆ ಇಳಿದು ಬಂದು, "ಈಗ ಅರ್ಥ ಆಯ್ತಾ ಮಾಮಿ?" ಅನ್ನುವಳು. ಆ ಮಾತನ್ನು ಎಷ್ಟು ಸಲ ಕೇಳಿದ್ದೇನೋ.

ಎಣ್ಣೂರು ದಾಟಿದ ಮೇಲೆ, ಹಿನ್ನೀರಿನ ಅಂಚಿನಲ್ಲಿ ಮೀನು ಹಿಡಿಯುವವರ ಒಂದು ಸಣ್ಣ ಊರು. ಅದರ ವರದಿ ಓದುವಾಗ ಅವಳ ಮುಖ ಬೆಳಗಿತ್ತು. ಎಷ್ಟೋ ಕಡೆ ಮೆಷಿನ್ನು ಕೆಟ್ಟಿರುತ್ತದೆ, ಇಲ್ಲ ಪೈಪು ಒಡೆದಿರುತ್ತದೆ. ಅಲ್ಲಿ ಕೊನೇ ಮನೆಯ ನೀರು ಎಳನೀರಿನ ಹಾಗಿತ್ತಂತೆ. ಹಾಗೇ ಬರೆದಳು. ಆಫೀಸಿನವರಿಗೂ ಖುಷಿ. ಆ ಯೋಜನೆ ಚೆನ್ನಾಗಿ ಮುಗಿಯಿತು ಅಂತ ಕಡತ ಕಟ್ಟಿಟ್ಟು, ರಿಪೇರಿಗೆಂದು ಇಟ್ಟಿದ್ದ ಹಣವನ್ನು ಬೇರೆ ಊರಿಗೆ ಕಳಿಸಿಬಿಟ್ಟರು.

ಕೆಲವು ತಿಂಗಳಾದ ಮೇಲೆ ಆಫೀಸಿನವರು ಒಂದು ಪುಸ್ತಕ ಅಚ್ಚು ಹಾಕಿಸಲು ಹೊರಟರು. ಅದರ ಹೊದಿಕೆಗೆ ಆ ಕೊನೇ ಮನೆಯ ಹೆಂಗಸು ಕೊಳಾಯಿ ಪಕ್ಕ ನಗುತ್ತಾ ನಿಂತ ಫೋಟೋ ಬೇಕಂತೆ. "ಮಾಮಿ, ನೀವೂ ಬನ್ನಿ, ಒಂದ್ಸಲನಾದ್ರೂ ನನ್ನ ಕೆಲಸ ನೋಡಿ," ಅಂದಳು. ಹೋದೆ. ಷೇರ್ ಆಟೋ ಇಳಿದು ಕೆಸರಿನಲ್ಲಿ ನಡೆದೆವು. ಒಣಹಾಕಿದ ಬಟ್ಟೆಯ ಮೇಲೆಲ್ಲ ಕರೆಂಟು ಕಾರ್ಖಾನೆಯ ಚಿಮಣಿಯಿಂದ ಬಂದ ಬೂದಿ. ಕೊನೇ ಮನೆಯ ಹೆಂಗಸು ಬಲು ಗಟ್ಟಿಗಿತ್ತಿ. ನಮ್ಮನ್ನು ಕಂಡದ್ದೇ "ವಾಂಗ ಅಕ್ಕಾ, ವಾಂಗ ಪಾಟಿಮಾ" ಅಂತ ಚಾಪೆ ಹಾಸಿದಳು. ಲೋಟದಲ್ಲಿ ನೀರು ತಂದಳು. ನಮ್ಮ ರಿಪೋರ್ಟಮ್ಮ ಕುಡಿದು, ನನ್ನ ಕಡೆ ತಿರುಗಿ, ನೋಡಿದಿರಾ ಅನ್ನುವ ಹಾಗೆ ಹುಬ್ಬು ಹಾರಿಸಿದಳು.

ಫೋಟೋಕ್ಕೆ ಕೊಳಾಯಿ ಬಿಡು ಅಂದರೆ ಆ ಹೆಂಗಸು ಹಿಂದೆ ಮುಂದೆ ನೋಡಿದಳು. "ಕೊಳಾಯಿ ಯಾಕಕ್ಕಾ? ಕೊಡ ಹಿಡ್ಕೊಂಡು ನಿಲ್ತೀನಿ, ಅದೇ ಲಕ್ಷಣ." ನನ್ನ ಕಾಲಿನ ತುಂಬ ಕೆಸರು. ಅವರ ಮಾತು ಮುಗಿಯುವವರೆಗೆ ಕಾಯುವ ತಾಳ್ಮೆ ನನಗಿಲ್ಲ. ಅಂಗಳಕ್ಕಿಳಿದು ಕೊಳಾಯಿ ತಿರುಗಿಸಿದೆ. ಮೊದಲು ಗಾಳಿ. ಆಮೇಲೆ ಹಳದಿ ನೀರು. ಕಾಲು ತೊಳೆದೆ, ಮುಖಕ್ಕೂ ಹಾಕಿಕೊಂಡೆ. ತುಟಿಗೆ ತಗುಲಿದ್ದು ಬರೀ ಉಪ್ಪು.

"ಏ, ಇದೇನೇ, ಸಮುದ್ರದ ನೀರು?" ಅಂತ ಕೂಗಿದೆ.

ಇವಳು ಬಂದು ಬೊಗಸೆ ಹಿಡಿದಳು. ಬಾಯಿಗೆ ಹಾಕಿಕೊಂಡಳು. ನುಂಗಲಿಲ್ಲ, ಉಗುಳಲೂ ಇಲ್ಲ. ಕೆನ್ನೆ ಉಬ್ಬಿಸಿಕೊಂಡು ಆ ಹೆಂಗಸನ್ನೇ ನೋಡುತ್ತಾ ನಿಂತಳು.

ಆ ಹೆಂಗಸು ಹೇಳಿದ್ದು ಇಷ್ಟು. ಮೆಷಿನ್ನು ಮೊದಲ ಮಳೆಗಾಲಕ್ಕೇ ಕೆಟ್ಟಿತು. ಕುಡಿಯಲು ಎಲ್ಲರೂ ದುಡ್ಡು ಕೊಟ್ಟು ಕ್ಯಾನ್ ನೀರು ತರಿಸುತ್ತಾರೆ. ಲೋಟದಲ್ಲಿ ಕೊಟ್ಟದ್ದು ಆ ಕ್ಯಾನ್ ನೀರು. ಈಗ ಕೊಟ್ಟದ್ದೂ ಅದೇ, ಆಗ ಕೊಟ್ಟದ್ದೂ ಅದೇ.

"ಯಾಕೆ ಹೇಳ್ಲಿಲ್ಲ?" ಇವಳು ಕೊನೆಗೆ ಬಾಯಿಯ ನೀರು ಉಗುಳಿ ಕೇಳಿದಳು.

"ನೀವು ದೂರದಿಂದ ಬಂದು ಬಾಗಿಲಲ್ಲಿ ನಿಂತು ನೀರು ಕೇಳಿದ್ರಿ ಅಕ್ಕಾ. ಬಿಸಿಲಲ್ಲಿ ಬಂದೋರಿಗೆ ಆ ನೀರು ಕೊಡ್ಲಾ? ಕುಡಿದು ಚೆನ್ನಾಗಿದೆ ಅಂದ್ರಿ, ನಂಗೆ ಸಂತೋಷ ಆಯ್ತು. ಮೆಷಿನ್ ನೋಡಿರ್ತೀರಿ, ಎಲ್ಲಾ ತಿಳ್ಕೊಂಡಿರ್ತೀರಿ ಅಂದ್ಕೊಂಡೆ." ಆಮೇಲೆ ನನ್ನ ಕಡೆ ತಿರುಗಿದಳು. "ನೀವು ಹೇಳಿ ಪಾಟಿಮಾ, ನಿಮ್ಮನೆಗೆ ಬಂದೋರಿಗೆ ನೀವು ಕೊಡ್ತೀರಾ?"

"ಕೊಡಲ್ಲ," ಅಂದೆ.

ಮನೆಗೆ ಬಂದ ಮೇಲೆ ಇವಳು ಮೆಟ್ಟಿಲ ಮೇಲೆ ಕೂತು ಅಂದಳು. "ಮಾಮಿ, ಇದೊಂದೇ ಊರಲ್ಲ."

"ಅಂದ್ರೆ?"

"ಎಲ್ಲಾ ಊರಲ್ಲೂ ನಾನು ಹಿಂಗೇ ಬಾಗಿಲಲ್ಲಿ ನಿಂತು ಕೇಳಿದ್ದು."

ಅಲ್ಲಿಂದ ಅವಳಿಗೆ ನೆಮ್ಮದಿ ಹೋಯಿತು. ಹೊಟ್ಟೆ ಕೆಟ್ಟ ಊರುಗಳಲ್ಲಿ ಭಯವಿಲ್ಲ, ಅಲ್ಲಿ ನಿಜ ಕೊಟ್ಟಿದ್ದಾರೆ ಅನ್ನುವಳು. ಸಿಹಿಯಾಗಿದ್ದ ಊರುಗಳೇ ಅವಳನ್ನು ಹಿಡಿದುಕೊಂಡವು. ಅನ್ನ ಕಲಸುತ್ತಾ ಕಲಸುತ್ತಾ ಕೈ ನಿಲ್ಲಿಸಿ, "ಆ ಮುದುಕಿ ಲೋಟ ತರಕ್ಕೆ ಒಳಗೆ ಹೋದ್ಲು ಮಾಮಿ. ಕೊಳಾಯಿ ಹೊರಗಿತ್ತು," ಅನ್ನುವಳು. ಇನ್ನೊಂದು ದಿನ ಬಟ್ಟೆ ಒಣಹಾಕುವಾಗ, "ಅಲ್ಲೊಬ್ಬಳು ನನ್ನನ್ನು ಕಾಯಿಸಿ ಪಕ್ಕದ ಮನೆಗೆ ಹೋಗಿ ಬಂದ್ಲು. ಯಾಕೆ ಹೋಗಿದ್ಲು?" ಅನ್ನುವಳು. ಒಬ್ಬೊಬ್ಬರೂ ಲೋಟ ಹಿಡಿದುಕೊಂಡು ಬಂದು ಅವಳ ಮುಂದೆ ನಿಲ್ಲುತ್ತಿದ್ದರು ಅಂತ ಕಾಣುತ್ತದೆ. ಮಾತಾಡುವಾಗ ಅವಳ ಕಣ್ಣು ನನ್ನ ಮೇಲಿರುತ್ತಿರಲಿಲ್ಲ, ನನ್ನ ಭುಜದ ಹಿಂದೆ ಬಾಗಿಲ ಕಡೆ ಇರುತ್ತಿತ್ತು. ನಾನೂ ಒಂದೆರಡು ಸಲ ತಿರುಗಿ ನೋಡಿದ್ದೇನೆ.

"ಸಾಕು ಮಾಡೇ. ಬೇಕಂತ ಮಾಡಿದ್ದಾ ನೀನು?" ಅಂತ ಗದರಿದೆ.

"ನೀರಿಗೆ ಅದೆಲ್ಲಾ ಗೊತ್ತಾಗತ್ತಾ ಮಾಮಿ?"

ರಜೆ ಹಾಕಿ, ಸ್ವಂತ ಖರ್ಚಿನಲ್ಲಿ ಹಳೇ ಊರುಗಳಿಗೆ ಹೊರಟಳು. ಈಗ ಯಾರನ್ನೂ ನೀರು ಕೇಳುತ್ತಿರಲಿಲ್ಲ, ನೇರ ಹೋಗಿ ಕೊಳಾಯಿ ತಿರುಗಿಸುತ್ತಿದ್ದಳು. ಕೆಲವು ಕಡೆ ಒಳ್ಳೇ ನೀರೇ ಬಂತಂತೆ. ಅದನ್ನು ಹೇಳುವಾಗಲೂ ಮುಖ ಬೆಳಗುತ್ತಿರಲಿಲ್ಲ. ಎಣ್ಣೂರಿನ ಆಚೆಯ ಆ ಊರಿಗೆ ಮಾತ್ರ ಮತ್ತೆ ಮತ್ತೆ ಹೋಗುತ್ತಿದ್ದಳು. ಕಡತ ಬಿಚ್ಚಿಸಿ ಮೆಷಿನ್ನು ರಿಪೇರಿ ಮಾಡಿಸಿದ ಹೊರತು ತನಗೆ ಬಿಡುಗಡೆಯಿಲ್ಲ ಅಂತ ಕೂತಿದ್ದಳು.

ಅದಕ್ಕಾಗಿ ಎರಡನೇ ವರದಿ ಬರೆದಳು. ಎಂದಿನಂತೆ ಕೆಳಗೆ ಬಂದು ನನಗೆ ಹೇಳಿದಳು. ಬಹಳ ಚಿಕ್ಕದು. "ನನ್ನ ಮೊದಲ ವರದಿ ತಪ್ಪು. ನಾನು ಕುಡಿದದ್ದು ಅತಿಥಿಗೆ ಕೊಟ್ಟ ನೀರು, ಊರಿನ ನೀರಲ್ಲ. ಕೊಳಾಯಿಯಲ್ಲಿ ಬರುವುದು ಉಪ್ಪುನೀರು. ಮೆಷಿನ್ನು ನಿಂತಿದೆ."

"ಅರ್ಥ ಆಯ್ತಾ ಮಾಮಿ?"

"ಆಯ್ತು. ಒಂದು ಮಾತೂ ಅಳಿಸಬೇಡ."

ಅವರು ತೆಗೆದುಕೊಳ್ಳಲಿಲ್ಲ. ಮುಗಿದ ಯೋಜನೆಗೆ ಮತ್ತೆ ವರದಿ ಇಲ್ಲವಂತೆ. ದಾನ ಕೊಟ್ಟವರ ಮುಂದೆ ಮಾನ ಹೋಗುತ್ತದಂತೆ. ಮತ್ತೆ ಕಳಿಸಿದಳು, ಮತ್ತೆ ಅದೇ ಉತ್ತರ. ಆಮೇಲಾಮೇಲೆ ಅವಳಿಗೆ ಹೊಸ ಊರು ಕೊಡುವುದನ್ನೇ ನಿಲ್ಲಿಸಿದರು. ಜಗಳವಿಲ್ಲ, ಬೈಗುಳವಿಲ್ಲ, ಫೋನು ಬರುವುದು ನಿಂತಿತು, ಅಷ್ಟೆ. ಹೊದಿಕೆಯ ಮೇಲೆ ಬೇರೆ ಯಾವುದೋ ಊರಿನ ಹೆಂಗಸು ನಗುತ್ತಿರುವ ಪುಸ್ತಕ ಒಂದು ದಿನ ಅಂಚೆಯಲ್ಲಿ ಬಂತು. ಅದರ ಒಂದು ಹಾಳೆಯನ್ನೂ ಅವಳು ತಿರುವಲಿಲ್ಲ.

ಆ ವರ್ಷವೇ ಸತ್ತಳು. ಜ್ವರ ಅಂತ ಮಲಗಿದವಳನ್ನು ಆಸ್ಪತ್ರೆಗೆ ಸೇರಿಸಿದೆವು, ಅಲ್ಲಿಂದ ಎದ್ದು ಬರಲಿಲ್ಲ. ಕೊನೆಯಲ್ಲಿ ನರ್ಸು ಹುಡುಗಿ ಬಾಯಿಗೆ ನೀರು ಹಿಡಿದಳು. ಇವಳು ತುಟಿ ಬಿಗಿಹಿಡಿದು, "ಇದು ಯಾವ ನೀರು?" ಅಂತ ತಮಿಳಿನಲ್ಲಿ ಕೇಳಿದಳು.

"ಕ್ಯಾನ್ ತಣ್ಣಿ ಮೇಡಂ. ನಲ್ಲ ತಣ್ಣಿ."

ಕ್ಯಾನ್ ನೀರು, ಒಳ್ಳೇ ನೀರು ಅಂದದ್ದೇ ಇವಳು ಮುಖ ಗೋಡೆ ಕಡೆ ತಿರುಗಿಸಿಕೊಂಡಳು. ನಾನು ಹೇಳಿದರೂ ಕುಡಿಯಲಿಲ್ಲ. ಅವಳ ತಮ್ಮ ಬಂದು ಹೆಣವನ್ನು ಊರಿಗೆ ಒಯ್ದ. ನಾನು ಅಳಲಿಲ್ಲ. ಅಳುವುದು ನನಗೆ ಸುಲಭಕ್ಕೆ ಬರುವುದಿಲ್ಲ. ಆದರೆ ಬೆಳಿಗ್ಗೆ ಸರಕಾರದ ಮೆಟ್ರೋ ನೀರು ಬರುವ ಮುಂಚೆ ನಮ್ಮ ಕೊಳಾಯಿ ಕೆಮ್ಮುತ್ತದಲ್ಲ, ಆಗ ಈಗಲೂ ಮೆಟ್ಟಿಲ ಕಡೆ ನೋಡುತ್ತೇನೆ. ಅಲ್ಲಿ ಯಾರೂ ಇರುವುದಿಲ್ಲ. ನೋಡುವುದಂತೂ ಬಿಟ್ಟಿಲ್ಲ.

ಆ ಕೊನೇ ಮನೆಯ ಹೆಂಗಸಿಗೆ ವಿಷಯ ತಿಳಿದಿರಲಾರದು ಅನ್ನಿಸಿ, ಒಂದು ಮಧ್ಯಾಹ್ನ ಒಬ್ಬಳೇ ಹೋದೆ. ಮೊಮ್ಮಗಳು "ನೀ ಎದುಕ್ಕು ಪಾಟಿ?" ನೀನ್ಯಾಕೆ ಹೋಗಬೇಕು ಅಂತ ತಡೆದಳು. ನಾನು ಯಾರ ಮಾತು ಕೇಳುವವಳು? ಒಳ್ಳೇ ಸೀರೆ ಉಟ್ಟು ಹೋಗಿದ್ದೆ, ಸಾವಿನ ಸುದ್ದಿ ಹೇಳಲು ಹೋಗುವಾಗ ಹಾಗೆ ಹೋಗಬೇಕು. ಊರ ಬಾಗಿಲಲ್ಲೇ ಮೆಷಿನ್ನಿನ ಶೆಡ್ಡು. ಅದರ ನೆರಳಲ್ಲಿ ಬಲೆ ಹೆಣೆಯುತ್ತಿದ್ದ ಒಬ್ಬ ನನ್ನನ್ನು ಕಂಡದ್ದೇ ದಡಬಡ ಎದ್ದು ಒಳಗೆ ಓಡಿದ. ಸ್ವಿಚ್ಚು ಹಾಕಿದ. ಒಳಗೆ ಯಾವುದೋ ಮೋಟಾರು ಗೊರಗುಟ್ಟಲು ಶುರುವಾಯಿತು. ಎಲ್ಲಿಂದಲೂ ಒಂದು ಹನಿ ನೀರಿಲ್ಲ, ಬರೀ ಸದ್ದು. ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದು ಕೈ ಮುಗಿದ.

"ರಿಪೋರ್ಟ್ ಎಡುಕ್ಕ ವಂದೀಂಗಳಾ ಅಮ್ಮಾ?" ಅಂದ. ವರದಿ ತೆಗೆದುಕೊಳ್ಳಲು ಬಂದಿರಾ ಅಂತ.

ಇಲ್ಲ ಅನ್ನಲು ಬಾಯಿ ತೆರೆದವಳು ನಿಂತೆ.

"ಹೌದು," ಅಂದೆ. "ಮೊದಲು ಆ ಸದ್ದು ನಿಲ್ಲಿಸಪ್ಪ."

ನಿಲ್ಲಿಸಿದ. ನಾನು ಹತ್ತಿರದ ಕೊಳಾಯಿ ಎಲ್ಲಿ ಅಂತ ಕೇಳಿ, ಹೋಗಿ ತಿರುಗಿಸಿದೆ. ಬಂದದ್ದು ಉಪ್ಪುನೀರು. ಅವಳ ಎರಡನೇ ವರದಿ ಸರಿಯಾಗಿದೆ.