ಮುಟ್ಟಲ್ಲದ ಮುಟ್ಟು

ಯುದ್ಧದ ಕಾಲದಲ್ಲಿ ನಾನು ವಿಜಯಪುರದ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಅತ್ತೆಯೊಬ್ಬರು ತಮ್ಮ ಸೊಸೆಯನ್ನು ಕರೆತಂದರು. ಸೀರೆಯಲ್ಲಿ ಕಲೆ ಕಂಡಾಗಲೆಲ್ಲ ಅವಳನ್ನು ಆಚೆ ಕೂರಿಸುತ್ತಿದ್ದರಂತೆ.

"ಅರ್ಧ ತಿಂಗಳು ಇವಳು ಮುಟ್ಟೇ ನರ್ಸಮ್ಮ, ಒಲೆ ಮುಂದೆ ನಾನೇ ಸಾಯ್ಬೇಕು."

ಮುಟ್ಟಿನ ರಕ್ತ ಬೆರೆಯದಂತೆ ನಳಿಕೆ ಹಾಕಿ ಮೂತ್ರ ತೆಗೆದು ಬೆಳಕಿಗೆ ಹಿಡಿದೆ. ಕೆಂಪಗಿತ್ತು. ನನಗೆ ರೇಗಿತು.

"ಇದು ಮುಟ್ಟಲ್ಲ ಕಣಮ್ಮಾ, ಮೂತ್ರದಲ್ಲಿ ಬರ್ತಿರೋ ರಕ್ತ. ಕಲ್ಲಿರಬಹುದು, ನಂಜಿರಬಹುದು. ಎರಡು ಮುಟ್ಟಿನ ಮಧ್ಯೆ ಗರ್ಭಕೋಶದಿಂದ ಬಂದಿದ್ರೂ ಅದು ಕಾಯಿಲೇನೇ. ಆಚೆ ಕೂರಿಸಿದ್ರೆ ವಾಸಿಯಾಗುತ್ತಾ?"

ಡಾಕ್ಟರು ನೋಡಿ ಕಲ್ಲೆಂದರು, ಚಿಕಿತ್ಸೆ ಮಾಡಿದರು.

ಅವಳು ಗುಣವಾದ ಮೇಲೆ ಅವರ ಮನೆಗೆ ಹೋದೆ. ಆಸ್ಪತ್ರೆಯ ಮೈಲಿಗೆಯೆಂದು ಅತ್ತೆ ನನ್ನನ್ನು ಜಗಲಿಯಲ್ಲೇ ಕೂರಿಸಿದರು. ನಾನು ಎದೆಯುಬ್ಬಿಸಿಕೊಂಡೇ ಕೂತೆ. ಅಡಿಗೆಮನೆಯಿಂದ ಬೆಲ್ಲದ ಕಾಫಿ ಮಾಡಿ ತಂದವಳು ಸೊಸೆ.