ಬಲಗೈ ಬಾಯಿ ಬಿಡಲಿಲ್ಲ

ಗಂಟು ಹಾಕುವ ವಿದ್ಯೆಯಲ್ಲಿ ನಾನು ಶುದ್ಧ ದಡ್ಡ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಜಯನಗರದ ಕಾಂಪ್ಲೆಕ್ಸಿನಿಂದ ಮನೆಗೆ ಬರುವಷ್ಟರಲ್ಲಿ ನನ್ನ ಶೂ ಲೇಸು ಬಿಚ್ಚಿಕೊಂಡು ನನಗಿಂತ ಹಿಂದೆ ಬರುತ್ತಿರುತ್ತದೆ. ಪಂಚೆ ಉಟ್ಟರೆ ಅದರ ಮೇಲೊಂದು ಬೆಲ್ಟು ಬೇಕೇ ಬೇಕು. ಮದುವೆಯ ಮುಹೂರ್ತದಲ್ಲೂ ಅಷ್ಟೆ, ಮೊದಲನೆಯ ಗಂಟು ಹಾಕುವಷ್ಟರಲ್ಲಿ ತಾಳಿಯ ದಾರ ಸಿಕ್ಕಾಗಿ, ಉಳಿದೆರಡನ್ನು ನನ್ನ ಅಕ್ಕ ಹಿಂದಿನಿಂದ ಬಂದು ಬಿಗಿದಳು. ಈ ಸಂಸಾರ ಇಷ್ಟು ವರ್ಷ ಗಟ್ಟಿಯಾಗಿ ನಿಂತಿದ್ದರೆ ಅದರಲ್ಲಿ ಅಕ್ಕನ ಪಾಲೇ ಹೆಚ್ಚು ಎಂದು ನನ್ನ ಹೆಂಡತಿ ಸುಧಾ ನೆಂಟರಿಷ್ಟರ ಮುಂದೆ ಆಗಾಗ ಹೇಳುವುದುಂಟು. ನಾನು ನಗುತ್ತೇನೆ. ಬೇರೆ ದಾರಿ ಎಲ್ಲಿದೆ?

ಇಂಥವನು ನಿವೃತ್ತಿಯಾದ ಮೇಲೆ ಜೆ.ಪಿ. ನಗರದ ಒಂದು ವಾರಾಂತ್ಯದ ಶಿಬಿರಕ್ಕೆ ಸೇರಿದೆ. ಹಿಂದಿನವರು ಬೇಕಾದ್ದನ್ನೆಲ್ಲ ತಮ್ಮ ಕೈಯಾರೆ ಮಾಡಿಕೊಳ್ಳುತ್ತಿದ್ದರು, ನಾವು ಎಲ್ಲವನ್ನೂ ಫೋನಿನಲ್ಲಿ ತರಿಸಿಕೊಂಡು ಕೈಲಾಗದವರಾಗಿದ್ದೇವೆ ಎಂಬುದು ಶಿಬಿರದ ತಿರುಳು. ಅಂಟುವಾಳದ ಕಾಯಿ ನೆನೆಹಾಕಿ ನೊರೆ ಬರಿಸುವುದು, ತೆಂಗಿನ ನಾರಿನಲ್ಲಿ ಹಗ್ಗ ಹೊಸೆಯುವುದು, ಈಚಲು ಗರಿಯಲ್ಲಿ ಬುಟ್ಟಿ ಹೆಣೆಯುವುದು, ಇವೆಲ್ಲ ಅಲ್ಲಿ ಪಾಠ. ಹೇಳಿಕೊಡುತ್ತಿದ್ದ ಗಡ್ಡದ ಹುಡುಗ ನನ್ನ ಕೈ ಹಿಡಿದು, "ಅಂಕಲ್, ನಿಮ್ ಬೆರಳಿಗೆ ಎಲ್ಲಾ ನೆನಪಿದೆ. ನೀವು ಎಬ್ಬಿಸ್ಬೇಕು ಅಷ್ಟೆ" ಎಂದ. ಎಬ್ಬಿಸಿದೆ. ಸರ್ಕಾರಿ ಕಚೇರಿಯಲ್ಲಿ ಜೀವಮಾನವಿಡೀ ಕಡತಗಳಿಗೆ ಟ್ಯಾಗು ತೂರಿಸಿದ್ದು ಬಿಟ್ಟರೆ ಅವಕ್ಕೆ ಇನ್ನೇನೂ ನೆನಪಿರಲಿಲ್ಲ.

ಆದರೂ ಬುಟ್ಟಿಯೊಂದು ಆಯಿತು. ಅದನ್ನು ಹಿಡಿದುಕೊಂಡು ಮನೆಗೆ ಬಂದಾಗ ಸುಧಾ ಹಾಲ್‌ನಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ಬುಟ್ಟಿಯನ್ನು ಎಲ್ಲ ಕಡೆಯಿಂದ ನೋಡಿ, "ಚೆನ್ನಾಗಿದೆ ರೀ. ಇದ್ರಲ್ಲಿ ಮೇಲೆ ಯಾವ್ದು, ಕೆಳಗೆ ಯಾವ್ದು?" ಎಂದಳು. ಅದರಲ್ಲಿ ಈರುಳ್ಳಿ ಹಾಕಿಟ್ಟೆವು, ಈರುಳ್ಳಿ ಒಂದೊಂದಾಗಿ ಹೊರಗೆ ಬಂದು ಅಡುಗೆಮನೆಯೆಲ್ಲ ಸುತ್ತಿತು. ಅವತ್ತು ನಾನು ಕೈಕಸುಬಿನ ಮಹಿಮೆಯ ಬಗ್ಗೆ ಅವಳಿಗೆ ಬಹಳ ಹೊತ್ತು ಭಾಷಣ ಮಾಡಿದೆ. ಅವಳು ಹೂಂಗುಟ್ಟುತ್ತಲೇ ಇದ್ದಳು. ಭಾಷಣ ಮುಗಿಯುವಷ್ಟರಲ್ಲಿ ಅವಳ ಮಡಿಲಲ್ಲಿ ಒಂದು ಮಾರು ಹೂವು ಸುರುಳಿ ಸುತ್ತಿ ಬಿದ್ದಿತ್ತು. ಕೈಯನ್ನು ಅವಳು ಒಮ್ಮೆಯೂ ನೋಡಿಕೊಂಡಿರಲಿಲ್ಲ.

ಆಮೇಲೆ ಒಂದು ದಿನ ಸುಧಾ ಬಿದ್ದಳು. ಸೊಪ್ಪು ತರಲು ಹೋದವಳು ಫುಟ್‌ಪಾತಿನ ಅಲ್ಲಾಡುವ ಚಪ್ಪಡಿಯ ಮೇಲೆ ಕಾಲಿಟ್ಟು, ಬಲಗೈ ಊರಿ ಬಿದ್ದು, ಮಣಿಕಟ್ಟಿನ ಮೂಳೆ ಮುರಿದುಕೊಂಡಳು. ಪ್ಲಾಸ್ಟರ್ ಇದ್ದಷ್ಟು ದಿನವೂ ಗಟ್ಟಿಗಿತ್ತಿಯೇ. ನಾನು ಮಾಡಿದ ಸಾರಿಗೆ ಹೆಸರಿಡುವಷ್ಟು ಉತ್ಸಾಹ ಇತ್ತು. ಕಷ್ಟ ಶುರುವಾದದ್ದು ಪ್ಲಾಸ್ಟರ್ ತೆಗೆದ ಮೇಲೆ. ಬೆರಳುಗಳು ಮರದ ಕಡ್ಡಿಯ ಹಾಗೆ ನಿಂತುಬಿಟ್ಟಿದ್ದವು, ಮಡಚಲು ಒಲ್ಲವು.

ಬಿ.ಟಿ.ಎಂ. ಲೇಔಟಿನಿಂದ ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಗದಗದ ಕಡೆಯವಳು. ಒಂದು ಮೆತ್ತನೆಯ ಚೆಂಡು ಕೊಟ್ಟು, "ಆಂಟಿ, ಇದನ್ನ ದಿನಾ ಒತ್ತಬೇಕ್ರಿ. ಮುಷ್ಟಿ ಪೂರ್ತಿ ಮುಚ್ಚಬೇಕ್ರಿ. ನೋವಾಗ್ತದಂತ ಬಿಟ್ರ ಹಂಗ ಗಟ್ಟಿ ಆಗಿಬಿಡ್ತಾವ್ ನೋಡ್ರಿ, ಆಮ್ಯಾಲ ನಾ ಏನೂ ಮಾಡಾಕಾಗಂಗಿಲ್ಲ" ಎಂದು ಹೇಳಿಹೋದಳು. ಸುಧಾ ಎರಡು ದಿನ ಒತ್ತಿದಳು. ಮೂರನೆಯ ದಿನ ಚೆಂಡು ಉರುಳಿ ಸೋಫಾದ ಕೆಳಗೆ ಸೇರಿತು, ಅಲ್ಲೇ ಉಳಿಯಿತು. ಯಾರಾದರೂ ಮನೆಗೆ ಬಂದರೆ ಅವಳು ಬಲಗೈಯನ್ನು ಸೆರಗಿನ ಕೆಳಗೆ ಸರಿಸಿಕೊಳ್ಳತೊಡಗಿದಳು. ನನಗೆ ಹೆದರಿಕೆಯಾಯಿತು. ಅವಳ ಕೈ ಹೀಗೇ ಉಳಿದುಬಿಟ್ಟರೆ ಎಂಬ ಹೆದರಿಕೆ ಒಂದು, ಅವಳು ಅದನ್ನು ಹೀಗೇ ಬಿಟ್ಟುಕೊಟ್ಟುಬಿಟ್ಟರೆ ಎಂಬುದು ಅದಕ್ಕಿಂತ ದೊಡ್ಡದು.

ಬೇಸಿಗೆ. ತಾರಸಿಯ ಮೇಲೆ ಕುಂಡಗಳಲ್ಲಿ ಅವಳು ಬೆಳೆಸಿದ ಮಲ್ಲಿಗೆ ಗಿಡಗಳಿಗೆ ನಮ್ಮ ಮನೆಯ ಸಮಾಚಾರ ಏನು ಗೊತ್ತು? ಮೈತುಂಬ ಮೊಗ್ಗು ಬಿಟ್ಟವು. ಕೀಳುವವರಿಲ್ಲದೆ ಮೊಗ್ಗು ಗಿಡದಲ್ಲೇ ಅರಳಿ, ತಾರಸಿಯ ನೆಲದ ಮೇಲೆ ಉದುರಿ ಕಂದಿದವು. ಸಂಜೆಯಾದರೆ ವಾಸನೆ ಮೆಟ್ಟಿಲಿಳಿದು ಹಾಲ್‌ವರೆಗೂ ಬರುತ್ತಿತ್ತು. ಸುಧಾ ಎದ್ದು ತಾರಸಿಯ ಬಾಗಿಲು ಹಾಕಿಕೊಂಡು ಬರುತ್ತಿದ್ದಳು.

ಇದನ್ನು ನೋಡಲಾಗದೆ ನಾನೇ ಒಂದು ದಿನ ಮೊಗ್ಗು ಬಿಡಿಸಿಕೊಂಡು ಬಂದು, ಸೂಜಿಗೆ ದಾರ ಏರಿಸಿ ಪೋಣಿಸಲು ಕೂತೆ. ಅವಳು ಸ್ವಲ್ಪ ಹೊತ್ತು ನೋಡಿದಳು. "ಅದೇನ್ರೀ, ಹೂವಿಗೆ ಇಂಜೆಕ್ಷನ್ ಕೊಡ್ತಿದೀರಾ?"

"ಹಾಗಾದ್ರೆ ಕಟ್ಟೋದು ಹೇಳ್ಕೊಡು."

"ಅಯ್ಯೋ, ಅದ್ರಲ್ಲೇನಿದೆ ಹೇಳೋಕೆ? ಈ ಕಡೆ ಎರಡು, ಆ ಕಡೆ ಎರಡು ಇಟ್ಕೊಳ್ಳಿ. ನಾರು ಹಿಂಗೆ ಸುತ್ತಿ, ಆಮೇಲೆ ಹಿಂಗೆ…" ಎಂದು ಎಡಗೈಯನ್ನು ಗಾಳಿಯಲ್ಲಿ ತಿರುಗಿಸಿದಳು. ನಿಲ್ಲಿಸಿದಳು. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ತಿರುಗಿಸಿದಳು. "ತಡೀರಿ. ಎಡಗೈ ನಂಗೊತ್ತಿಲ್ಲ ಅನ್ನತ್ತೆ, ಬಲಗೈ ಬಾಯೇ ಬಿಡಲ್ಲ." ಮೊದಲು ನಗುತ್ತಲೇ ಅಂದಳು. ಆಮೇಲೆ ಮುಖ ಸಣ್ಣದಾಯಿತು. "ಕೈ ಬರತ್ತೋ ಬಿಡತ್ತೋ, ಅದು ಬೇರೆ. ನಂಗೆ ಮರ್ತೇ ಹೋಗಿದ್ರೆ ಏನ್ರೀ ಮಾಡೋದು?"

ತಿಲಕ್ ನಗರದ ತವರುಮನೆಯ ಮೆಟ್ಟಿಲ ಮೇಲೆ ಕೂತು, ಲಂಗ ಹಾಕುವ ವಯಸ್ಸಿನಲ್ಲಿ ಅವಳು ಇದನ್ನು ಅಮ್ಮನಿಂದ ಕಲಿತದ್ದು. ಆ ಅಮ್ಮ ಮೊದಲಿಗೆ ಹೂವು ಮುಟ್ಟಲೇ ಬಿಡಲಿಲ್ಲವಂತೆ. ಹುಲ್ಲುಕಡ್ಡಿಯಲ್ಲಿ ಕಟ್ಟಿ ತೋರಿಸಿದ ಮೇಲೆ ಕನಕಾಂಬರ, ಅದರಲ್ಲಿ ಪಾಸಾದ ಮೇಲೆ ಮಲ್ಲಿಗೆ. ಅಂದಿನಿಂದ ಕೈ ಸಂಜೆಸಂಜೆ ಕಟ್ಟುತ್ತಾ ಬಂದಿದೆ. ತಾನು ಹೇಗೆ ಕಟ್ಟುತ್ತೇನೆಂದು ಅವಳು ಯಾವತ್ತೂ ಕೇಳಿಕೊಂಡೇ ಇರಲಿಲ್ಲ, ನಾವು ಹೇಗೆ ನಡೆಯುತ್ತೇವೆಂದು ಕೇಳಿಕೊಳ್ಳದ ಹಾಗೆ.

ಸರಿ, ಫೋನಿನಲ್ಲಿ ವಿಡಿಯೋ ಹುಡುಕಿದೆ. ಯಾವುದೋ ಊರಿನ ಹುಡುಗಿ ಕಟ್ಟಿ ತೋರಿಸಿದಳು. ಕಾಣಲಿಲ್ಲ. ವೇಗ ಅರ್ಧ ಮಾಡಿದೆ, ಕಾಣಲಿಲ್ಲ. ಕಾಲುಭಾಗ ಮಾಡಿ, ಕನ್ನಡಕ ಏರಿಸಿ, ಮೂಗಿನ ತುದಿಗೆ ಫೋನು ಹಿಡಿದುಕೊಂಡು ನೋಡಿದಾಗ ಕೊನೆಗೂ ಕಂಡಿತು. ಎರಡು ಮೊಗ್ಗಿನ ಮುಖ ಇತ್ತ, ಎರಡರದ್ದು ಅತ್ತ, ತೊಟ್ಟುಗಳು ನಡುವೆ. ನಾರು ತೊಟ್ಟುಗಳಿಗೆ ಒಂದು ಸುತ್ತು ಬರುತ್ತದೆ, ಬೆರಳಿನ ಮೇಲೆ ಒಂದು ಕುಣಿಕೆಯಾಗುತ್ತದೆ, ಆ ಕುಣಿಕೆ ಬೆರಳಿನಿಂದ ಜಾರಿ ತೊಟ್ಟುಗಳ ಕೊರಳಿಗೆ ಬೀಳುತ್ತದೆ, ಒಂದು ಎಳೆತ, ಮುಗಿಯಿತು. ಸೂಜಿಯಿಲ್ಲ, ಅಂಟಿಲ್ಲ, ಒಂದು ಹೂವಿಗೂ ತೂತಿಲ್ಲ. ಬಿಗಿ ಹೆಚ್ಚಾದರೆ ತೊಟ್ಟು ಕತ್ತರಿಸಿಹೋಗುತ್ತದೆ, ಕಡಿಮೆಯಾದರೆ ಹೂವು ಉದುರುತ್ತದೆ. ನಡುವೆ ಇರುವ ಆ ಕೂದಲೆಳೆಯಷ್ಟು ಜಾಗದಲ್ಲಿ ನಮ್ಮೂರಿನ ಹೆಂಗಸರು ಟಿ.ವಿ. ನೋಡುತ್ತಾ, ಮಕ್ಕಳನ್ನು ಗದರುತ್ತಾ, ಬಸ್ಸಿಗೆ ಕಾಯುತ್ತಾ ದಿನಾ ಓಡಾಡಿಕೊಂಡಿದ್ದಾರೆ. ನಾನು ಫೋನು ಕೆಳಗಿಟ್ಟೆ. ಮೈ ಜುಮ್ಮೆಂದಿತು ಎಂದರೆ ನೀವು ನಗಬಾರದು.

ಇದನ್ನು ಮೊದಲು ಕಂಡುಹಿಡಿದವಳು ಯಾರಿರಬಹುದು? ಹಗ್ಗದ ಗಂಟು ಕಂಡುಹಿಡಿದವನ ಕತೆ ನನಗೆ ಅರ್ಥವಾಗುತ್ತದೆ. ಅವನಿಗೆ ದನ ಕಟ್ಟಬೇಕಿತ್ತು, ಇಲ್ಲವೇ ದೋಣಿ ನಿಲ್ಲಿಸಬೇಕಿತ್ತು. ಇವಳಿಗೇನು ತುರ್ತು? ಬೆಳಗಾದರೆ ಬಾಡಿಹೋಗುವ ವಸ್ತುವಿಗೆ ಇಷ್ಟು ಬುದ್ಧಿ ಖರ್ಚು ಮಾಡಿದಳಲ್ಲ! ಮಾಡಿದ್ದನ್ನು ಮಾರನೆಯ ದಿನ ಎಸೆದು, ಮತ್ತೆ ಮೊದಲಿನಿಂದ ಕೂತಳಲ್ಲ! ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಎಂದು ಗಾದೆಯೊಂದಿದೆ, ದೊಡ್ಡವರ ಸಂಗದಲ್ಲಿ ಚಿಕ್ಕವರೂ ಉದ್ಧಾರವಾದರು ಎನ್ನಲು ಹೇಳುತ್ತೇವೆ. ಆ ಗಾದೆ ಕಟ್ಟಿದವನು ಹೂ ಕಟ್ಟಿರಲಾರ. ನಾರು ಹಿಡಿದುಕೊಳ್ಳದಿದ್ದರೆ ಹೂವು ಸ್ವರ್ಗ ಹಾಗಿರಲಿ, ಬೀದಿ ಬಾಗಿಲಿನವರೆಗೂ ತಲುಪುವುದಿಲ್ಲ.

ನನ್ನ ಪಾಠ ಶುರುವಾಯಿತು. ಅಮ್ಮನ ಮಗಳಲ್ಲವೇ, ಸುಧಾ ನನಗೆ ಮೊಗ್ಗು ಮುಟ್ಟಲು ಬಿಡಲಿಲ್ಲ. "ಹಾಳು ಮಾಡ್ತೀರ. ಮೊದ್ಲು ಕೊತ್ತಂಬರಿ ಕಡ್ಡಿ ಕಟ್ಟಿ" ಎಂದಳು. ನಾರಿಗೆ ಪಕ್ಕದ ಮನೆಯ ಕಾಂಪೌಂಡಿನ ಒಣಗಿದ ಬಾಳೆಪಟ್ಟೆ ಕೇಳಿ ತಂದು, ಸೀಳಿ, ನೀರಿನಲ್ಲಿ ನೆನೆಸಿದ್ದಾಯಿತು. ನೆನೆಸದ ನಾರು ಪಟ್ಟೆಂದು ಹರಿಯುತ್ತದೆಂಬುದು ಅದು ನಾಲ್ಕು ಸಲ ಹರಿದ ಮೇಲೆ ಅವಳಿಗೆ ನೆನಪಾಗಿ ಹೇಳಿದ್ದು. ನಾನು ಕಟ್ಟಿದ ಕೊತ್ತಂಬರಿ ಮಾಲೆಗಳು ಒಂದು ವಾರ ನಮ್ಮ ಸಾರಿಗೆ ಬಿದ್ದವು. ಊಟದ ನಡುವೆ ಸಿಕ್ಕ ನಾರನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದೆವು.

ಕಡ್ಡಿಯಿಂದ ಮೊಗ್ಗಿಗೆ ಬಡ್ತಿಯೇನೋ ಸಿಕ್ಕಿತು, ಆದರೆ ಮೊಗ್ಗು ಕೈಗೆ ಬಂದಾಗ ಕೊತ್ತಂಬರಿಯ ವಿದ್ಯೆ ಕೈಕೊಟ್ಟಿತು. ನನ್ನ ಎಡಗೈ ಹೂ ಹಿಡಿದರೆ ಬಲಗೈ ಕುಣಿಕೆ ಬಿಡುತ್ತದೆ, ಬಲಗೈ ಕುಣಿಕೆ ಹಾಕಿದರೆ ಎಡಗೈ ಹೂ ಬಿಡುತ್ತದೆ. ಒಂದು ಸಂಜೆ ತಾರಸಿಯಲ್ಲಿ ಇದನ್ನು ನೋಡಿ ನೋಡಿ ಅವಳಿಗೆ ರೋಸಿತು. ಪಕ್ಕದಲ್ಲಿ ಬಂದು ಕೂತು, "ಹೂ ನಾನ್ ಹಿಡ್ಕೋತೀನಿ. ನಿಮ್ ಬಲಗೈ ಕೊಡಿ ಇಲ್ಲಿ" ಎಂದಳು. ಅಲ್ಲಿಂದ ನಾವಿಬ್ಬರು ಸೇರಿ ಒಬ್ಬರಾದೆವು. ಎಡಗೈ ಅವಳದು, ಬಲಗೈ ನನ್ನದು.

"ಸುತ್ತಿ. ಆ ಕಡೆಯಿಂದಲ್ಲ, ಈ ಕಡೆಯಿಂದ. ಅಯ್ಯೋ ರಾಮಾ! ಕತ್ತು ಹಿಸುಕ್ತಿದೀರಲ್ರೀ. ಅದೇನ್ ಫೈಲಾ?"

"ನಿಧಾನ ಕಣೇ. ಹೊಸಬ ನಾನು."

"ಎಷ್ಟು ವರ್ಷ ಆಯ್ತು ಮದ್ವೆ ಆಗಿ, ಇನ್ನೂ ಹೊಸಬ್ರಂತೆ."

ಬೈಗುಳ ಚೆನ್ನಾಗಿ ಬರುತ್ತಿತ್ತು, ಹಳೆಯ ಸುಧಾ ಬಂದ ಹಾಗಿತ್ತು. ಗಂಟು ಮಾತ್ರ ಬರುತ್ತಿರಲಿಲ್ಲ. ಹೀಗೇ ಕೆಲವು ಸಂಜೆ ಕಳೆದವು. ದಿನಕ್ಕೊಂದು ಗೇಣುದ್ದದ, ಸೊಟ್ಟಗಿನ, ಮುಟ್ಟಿದರೆ ಉದುರುವ ಮಾಲೆ ದೇವರ ಪಟಕ್ಕೆ ಬೀಳುತ್ತಿತ್ತು. ದೇವರಿಗೆ ಸಹನೆ ಜಾಸ್ತಿ.

ಅವತ್ತು ಗುರುವಾರ. ಮಾರನೆಯ ದಿನ ಬನಶಂಕರಿ ದೇವಸ್ಥಾನಕ್ಕೆ ಹೋಗೋಣವೆಂದು ಮಾತಾಗಿತ್ತು, ಮುಡಿಯಲು ಒಂದು ಮೊಳವಾದರೂ ಆಗಲಿ ಎಂದು ಕೂತಿದ್ದೆವು. ಅರ್ಧ ಮೊಳ ಹೇಗೋ ಸಾಗಿತು. ಆಮೇಲೆ ನನ್ನ ಕುಣಿಕೆ ಜಾರಿತು, ಮೊಗ್ಗು ನಾಲ್ಕೂ ಕೆಳಗೆ. ಇನ್ನೊಮ್ಮೆ ಹಾಕಿದೆ, ಮತ್ತೆ ಜಾರಿತು. ಮೂರನೆಯ ಸಲ ಜಾರಿದಾಗ ಅವಳು, "ಥೂ, ಬಿಡ್ರೀ ಕೈ!" ಎಂದು ನನ್ನ ಬಲಗೈಯನ್ನು ಒಂದೇಟು ಹೊಡೆದು ತಳ್ಳಿ, ನಾರನ್ನು ಕಸಿದುಕೊಂಡಳು.

ಬಲಗೈಯಲ್ಲಿ ಕಸಿದುಕೊಂಡಳು.

ಬೆರಳು ಸೆಟೆದುಕೊಂಡೇ ಇತ್ತು, ಆದರೂ ಅದರ ಮೇಲೆ ನಾರು ಒಂದು ಸುತ್ತು ಬಂತು, ಕುಣಿಕೆಯಾಯಿತು, ತೊಟ್ಟುಗಳ ಮೇಲೆ ಜಾರಿತು. ಎಳೆದಳು. ಗಂಟು ಬಿತ್ತು. ನನ್ನನ್ನು ಬೈಯುತ್ತಲೇ ಮುಂದಿನ ಮೊಗ್ಗು ಎತ್ತಿಕೊಂಡಳು, ಇನ್ನೊಂದು ಗಂಟು ಬಿತ್ತು. ಕೈಯ ಕಡೆ ಅವಳು ನೋಡುತ್ತಿರಲಿಲ್ಲ, ನನ್ನನ್ನೇ ನೋಡಿಕೊಂಡು ಬೈಯುತ್ತಿದ್ದಳು. ಮುರಿದದ್ದು ಮೂಳೆ, ವಿದ್ಯೆ ಮೂಳೆಯಲ್ಲಿರಲಿಲ್ಲ. ಎಲ್ಲಿತ್ತೋ ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ಅವಳ ಅಮ್ಮನಿಗೂ ಗೊತ್ತಿದ್ದಿರಲಾರದು. ನಾನು ಕೈಮುಗಿಯಬೇಕೆಂದುಕೊಂಡೆ, ಯಾರಿಗೆಂದು ತಿಳಿಯಲಿಲ್ಲ.

ಮೂರನೆಯ ಗಂಟಿನ ನಂತರ ನೋವು ಕಚ್ಚಿತೆಂದು ಕಾಣುತ್ತದೆ, ನಿಲ್ಲಿಸಿ ಕೈ ನೋಡಿಕೊಂಡಳು. "ರೀ…"

"ನೋಡ್ದೆ."

"ನೀವು ಬೇಕಂತಲೇ ಕೆಟ್ಟದಾಗಿ ಕಟ್ಟಿದ್ರಾ?"

ಹೌದು ಎಂದಿದ್ದರೆ ಎಂಥ ಜಾಣ ಗಂಡನೆನಿಸಿಕೊಳ್ಳುತ್ತಿದ್ದೆ! ಆದರೆ ಸಂಜೆಯ ಹೊತ್ತು ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇಲ್ವೇ, ನಂಗೆ ಬರೋದೇ ಅಷ್ಟು" ಎಂದೆ. ಅವಳು ನಕ್ಕಳು, ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಉಳಿದರ್ಧ ಮೊಳವನ್ನು ನಿಲ್ಲಿಸಿ ನಿಲ್ಲಿಸಿ, ಕತ್ತಲಾಗುವವರೆಗೂ ಕೂತು ತಾನೇ ಕಟ್ಟಿದಳು.

ಮರುದಿನ ಬೆಳಗ್ಗೆ ಬಂದ ಗದಗದ ಹುಡುಗಿ, "ಆಂಟಿ, ಬಾಲ್ ಒತ್ತಿದ್ರೇನ್ರಿ?" ಎಂದಳು. "ಇಲ್ಲಮ್ಮ, ಹೂ ಕಟ್ದೆ" ಎಂದಳು ಸುಧಾ. ಹುಡುಗಿ ಕೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಬಾಗಿಸಿ ನೋಡಿ, "ಯವ್ವಾ, ಹಂಗಾರ ಅದನ್ನ ಬಿಡಬ್ಯಾಡ್ರಿ ಮತ್ತ" ಎಂದಳು.

ನಾವು ಮೆಟ್ರೋದಲ್ಲಿ ಬನಶಂಕರಿಗೆ ಹೊರಟೆವು. ಅವಳ ಜಡೆಯಲ್ಲಿ ಆ ಒಂದು ಮೊಳ ಹೂವು, ಅರ್ಧ ನನ್ನದು, ಅರ್ಧ ಅವಳದು. ನಿಲ್ದಾಣದ ಮೆಟ್ಟಿಲು ಹತ್ತುವಾಗ ನಾನು ಹಿಂದಿದ್ದೆ. ಮೊದಲ ಮೆಟ್ಟಿಲಿಗೇ ಒಂದು ಮಲ್ಲಿಗೆ ಉದುರಿತು. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಇನ್ನೆರಡು. ಅವಳು ತಿರುಗದೆಯೇ, "ನಿಮ್ ಕಡೇವೇ ಉದುರ್ತಿರೋದು. ಆರಿಸ್ಕೊಂಡ್ ಬನ್ನಿ" ಎಂದಳು. ಅವಳ ಅರ್ಧದಲ್ಲಿ ಒಂದೂ ಅಲ್ಲಾಡಿರಲಿಲ್ಲ. ನಾನು ಬಗ್ಗಿ ಬಗ್ಗಿ ಆರಿಸಿಕೊಂಡು ಮೇಲಿನ ಮೆಟ್ಟಿಲಿಗೆ ಬಂದಾಗ ಅವಳು ನಿಂತು ಕಾಯುತ್ತಿದ್ದಳು. ಎಲ್ಲಿ ಹಾಕುವುದೆಂದು ಕಸದ ಡಬ್ಬಿಗಾಗಿ ಅತ್ತಿತ್ತ ನೋಡಿದೆ.

"ಬಿಸಾಕ್ಬೇಡಿ, ಕೊಡಿ ಇಲ್ಲಿ" ಎಂದು ಬಲಗೈ ಚಾಚಿದಳು. ಅಂಗೈಗೆ ಸುರಿದೆ. ಬೆರಳುಗಳು ನಿಧಾನವಾಗಿ, ಒಂದರ ಹಿಂದೆ ಒಂದು ಮಡಚಿಕೊಂಡು ಬಂದವು. ಮುಷ್ಟಿ ಪೂರ್ತಿ ಮುಚ್ಚಿತು.

"ಸಂಜೆ ನಿಮ್ ಪಾಠಕ್ಕಾಗತ್ತೆ" ಎಂದಳು.