ಆರನೇ ನಂಬರಿನ ಬಾವಿ

ಪ್ರಾದೇಶಿಕ ಸೂಕ್ಷ್ಮಾಣು ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಸವೆಸಿದ ಆಕೆಯನ್ನು ಬೀದಿಯವರೆಲ್ಲ ಬಾಟಲಿ ಅಕ್ಕ ಎಂದೇ ಕರೆಯುತ್ತಿದ್ದರು. ಸುತ್ತಲಿನ ಹದಿನಾಲ್ಕು ಆಸ್ಪತ್ರೆಗಳ ಮಲ, ಮೂತ್ರ, ಕಫ, ಜೊತೆಗೆ ಊರೂರಿನ ನೀರು ಎಲ್ಲವೂ ಆಕೆಯ ಮೇಜಿಗೇ ಬಂದು ಬೀಳುತ್ತಿತ್ತು. ಮನೆಯಲ್ಲಿ ಮಾತ್ರ ಆ ಕೆಲಸಕ್ಕೆ ಕಿಲುಬು ಕಾಸಿನ ಕಿಮ್ಮತ್ತಿರಲಿಲ್ಲ. "ಕಣ್ಣಿಗೇ ಕಾಣದ್ದಕ್ಕೆ ಸಂಬಳ ತಗೊಳ್ಳೋಳು ನನ್ನ ಸೊಸೆ ಒಬ್ಬಳೇ" ಎಂದು ಮಾವ, ನಿವೃತ್ತ ಹೆಡ್‌ಮಾಸ್ಟರು, ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಮಾವನ ಹೆಮ್ಮೆಯೆಲ್ಲ ಹಿತ್ತಲಿನ ಬಾವಿಯ ಮೇಲೆ. ಅದು ಅವರಪ್ಪ ತೋಡಿಸಿದ್ದು. ಬೀದಿಯ ಅರ್ಧ ಜನ ಅದರ ನೀರನ್ನೇ ಕುಡಿಯುತ್ತಿದ್ದರು. ಕೊಡ ತುಂಬಿಸಿಕೊಂಡವರು ನೀರಿನ ಜೊತೆ ಹತ್ತು ನಿಮಿಷದ ಭಾಷಣವನ್ನೂ ಹೊತ್ತುಕೊಂಡು ಹೋಗಬೇಕಿತ್ತು.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಬೀದಿಗೆ ಭೇದಿ ಹತ್ತಿಕೊಂಡಿತು. ಒಂದೇ ವಾರದಲ್ಲಿ ಹತ್ತೊಂಬತ್ತು ಜನ ಮಲಗಿದರು. ದರ್ಜಿಯ ಅಂಗಡಿಯಲ್ಲಿ ಹೊಲಿಗೆ ಯಂತ್ರಕ್ಕಿಂತ ದರ್ಜಿಯೇ ಹೆಚ್ಚು ಓಡುತ್ತಿದ್ದ. ಡಾಕ್ಟರು ಔಷಧಿಯನ್ನೇನೋ ಕೊಟ್ಟರು. ರೋಗ ಹುಟ್ಟಿದ್ದೆಲ್ಲಿ ಎಂದು ಹೇಳಬೇಕಾದದ್ದು ಪ್ರಯೋಗಾಲಯ. ಹೆಲ್ತ್ ಇನ್‌ಸ್ಪೆಕ್ಟರು ಬೀದಿಯ ಎಂಟು ಬಾವಿಗಳ ನೀರು ತಂದುಕೊಟ್ಟರು. ಬಾಟಲಿಗಳ ಮೇಲೆ ಬರೀ ನಂಬರು. ಯಾವುದು ಯಾರದು ಎಂಬ ಪಟ್ಟಿ ಅವರ ಜೇಬಿನಲ್ಲಿ.

ಆ ನೀರು ಹಾಕಿ ಕ್ರಿಮಿ ಬೆಳೆಯಲು ಇನ್‌ಕ್ಯುಬೇಟರಿನಲ್ಲಿ ಇಟ್ಟಿದ್ದ ತಟ್ಟೆಗಳನ್ನು ಮರುದಿನ ತೆಗೆದಾಗ ಏಳು ಸಭ್ಯವಾಗಿದ್ದವು. ಆರನೆಯದರಲ್ಲಿ ಮಾತ್ರ ಗುಲಾಬಿ ಚುಕ್ಕೆಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ರೋಗಿಗಳಲ್ಲಿ ಸಿಕ್ಕ ಕ್ರಿಮಿಯೂ ಇದೂ ಒಂದೇ ಎಂದು ಖಾತ್ರಿಯಾಗಲು ಇನ್ನೆರಡು ದಿನ ಹಿಡಿಯಿತು.

ಅಷ್ಟರಲ್ಲಿ ಸುದ್ದಿ ಬೀದಿ ಮುಟ್ಟಿತ್ತು. ಮಾವ ಮನೆಯ ಮುಂದೆ ಸಭೆ ಸೇರಿಸಿ, ಆರನೇ ನಂಬರಿನವನು ಯಾರೇ ಆಗಲಿ, ಬಾವಿ ಮುಚ್ಚಿ ಮನೆಮನೆಗೂ ಹೋಗಿ ಕ್ಷಮೆ ಕೇಳಬೇಕೆಂದು ಠರಾವು ಬರೆದು ಎಲ್ಲರಿಂದ ಸಹಿ ಹಾಕಿಸಿದರು. ಮೊದಲ ಸಹಿ ಅವರದೇ. ಕಣ್ಣೆಲ್ಲ ಎದುರುಮನೆಯ ಬಡಗಿಯ ಮೇಲೆ.

ಇತ್ತ ಇನ್‌ಸ್ಪೆಕ್ಟರು ಪಟ್ಟಿ ಬಿಚ್ಚಿದಾಗ ಬಾಟಲಿ ಅಕ್ಕ ಆರನೇ ಸಾಲನ್ನು ಎರಡೆರಡು ಸಲ ಓದಿದಳು. ಮನೆಯ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು; ಮಾವನ ಮುಖ ಕಂಡದ್ದೇ ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿಯಾಯಿತು.

"ಮಾವ, ಆರನೇ ನಂಬರು ನಮ್ಮದೇ."

ಮಾವ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. "ಬಾಟಲಿ ಅದಲುಬದಲಾಗಿರುತ್ತೆ ಕಣಮ್ಮ. ನಾಳೆ ನಾನೇ ತುಂಬಿಸಿ ಕೊಡ್ತೀನಿ."

ಕೊಟ್ಟರು. ಈ ಸಲ ತಟ್ಟೆಯಲ್ಲಿ ಒಂದು ಚುಕ್ಕೆಯೂ ಏಳಲಿಲ್ಲ. ಬಾವಿ ನೀರೆಂದ ಮೇಲೆ ಅಪಾಯವಿಲ್ಲದ ಕ್ರಿಮಿಗಳಾದರೂ ನಾಲ್ಕಾರು ಇರಲೇಬೇಕು, ಅವೂ ಇಲ್ಲ. ಆಕೆ ಅಡುಗೆಮನೆಯಲ್ಲಿ ಅತ್ತೆಯನ್ನು ಮೆಲ್ಲಗೆ ವಿಚಾರಿಸಿದಳು.

"ಅರ್ಧ ಗಂಟೆ ಕುದಿಸಿದ್ರು ಕಣೇ. ನನ್ನನ್ನ ಒಲೆ ಹತ್ರಾನೂ ಬಿಡ್ಲಿಲ್ಲ" ಎಂದರು ಅತ್ತೆ.

ಮಾವನ ಮಾನ ಹರಾಜು ಹಾಕಲು ಆಕೆಗೆ ಮನಸ್ಸು ಬರಲಿಲ್ಲ. ಹಾಗಂತ ಸುಳ್ಳು ವರದಿ ಬರೆಯುವವರ ಪೈಕಿಯೂ ಅಲ್ಲ. ಎದುರು ಕೂತು ಹೇಳಿಯೇಬಿಟ್ಟಳು. "ಕುದಿಸಿದ ನೀರು ಒಳ್ಳೇದೇ ಮಾವ. ಆದ್ರೆ ದರ್ಜಿ ಮಗಳಿಗೆ ಇನ್ನೂ ಡ್ರಿಪ್ ಹಾಕಿದ್ದಾರೆ. ಅವಳು ಕುಡಿದದ್ದು ಕುದಿಸದೇ ಇರೋದನ್ನ."

ಮಾವ ಎದ್ದು ಹಿತ್ತಲಿಗೆ ಹೋಗಿ, ಹೊಸ ಪಾಯಿಖಾನೆಯ ಗುಂಡಿಯಿಂದ ಬಾವಿಯವರೆಗೆ ಹೆಜ್ಜೆ ಎಣಿಸಿದರು. ಒಂಬತ್ತು. ತೀರಾ ಹತ್ತಿರವಾಯಿತು ಎಂದು ಗುಂಡಿ ತೋಡುವಾಗಲೇ ಮೇಸ್ತ್ರಿ ಬಡಕೊಂಡಿದ್ದ. ಅವನಿಗೇ ಪಾಠ ಹೇಳಿ ಬಾಯಿ ಮುಚ್ಚಿಸಿದ್ದರು.

ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮನೆಮನೆಗೂ ಹೋದರು. ಕ್ಷಮೆ ಕೇಳುವುದರಲ್ಲೂ ಮೇಷ್ಟರೇ: ಗುಂಡಿಯ ನೀರು ಮಣ್ಣಿನೊಳಗೆ ಹೇಗೆ ಸಾಗುತ್ತದೆಂದು ಗೋಡೆಯ ಮೇಲೆ ಬೆರಳಿನಿಂದ ಚಿತ್ರ ಬರೆದು ತೋರಿಸಿದರು. ಬಡಗಿ ಅಷ್ಟನ್ನೂ ನಿಂತೇ ಕೇಳಿ, ಬಾವಿಗೆ ಮುಚ್ಚಳ ತಾನೇ ಮಾಡಿಕೊಡುವುದಾಗಿ ಒಪ್ಪಿಕೊಂಡ. ಎಷ್ಟು ಬೇಗ ಒಪ್ಪಿಕೊಂಡನೆಂದರೆ, ಅದು ದೊಡ್ಡತನವೋ ಭಾಷಣ ನಿಲ್ಲಿಸುವ ಉಪಾಯವೋ ಯಾರಿಗೂ ತಿಳಿಯಲಿಲ್ಲ.

ಗುಂಡಿ ಬೇರೆಡೆಗೆ ಹೋಯಿತು. ದರ್ಜಿಯ ಮಗಳು ಮನೆಗೆ ಬಂದಳು. ಬಾವಿಗೆ ಬ್ಲೀಚಿಂಗ್ ಪುಡಿ ಬಿದ್ದು, ಮೂರು ಸಲ ವರದಿ ಒಳ್ಳೆಯದು ಬಂದ ಮೇಲೆಯೇ ಮುಚ್ಚಳ ತೆಗೆದರು. ಈಗ ಪ್ರತಿ ತಿಂಗಳೂ ಮಾವ ಬಾಟಲಿ ಹಿಡಿದು ಪ್ರಯೋಗಾಲಯದ ಸಾಲಿನಲ್ಲಿ ನಿಲ್ಲುತ್ತಾರೆ. ಬಾಟಲಿಯ ಬಾಯಿ ಮುಟ್ಟಬಾರದೆಂದು ಹಿಂದೆ ಮುಂದೆ ನಿಂತವರನ್ನೆಲ್ಲ ಗದರಿಸುತ್ತಾರೆ. ಮೊನ್ನೆ ಕಾವಲುಗಾರ ಎರಡು ಸಲ ಬಂದು, ಅವರನ್ನು ಸುಮ್ಮನೆ ಕೂರಿಸಲು ಆಗುತ್ತದೆಯೇ ಎಂದು ಬಾಟಲಿ ಅಕ್ಕನನ್ನು ಕೇಳಿದ. ಆಕೆ ತಟ್ಟೆಯಿಂದ ಕಣ್ಣು ಕೀಳದೆ, ತಾನು ಆ ಪ್ರಯತ್ನ ಬಿಟ್ಟು ಬಹಳ ವರ್ಷವಾಯಿತೆಂದಳು.